ಐರ್ಲೆಂಡಿಗೆ ಹೊರಟ ಹುಣಸೆ ಚಿಗಳಿ

ಬೆಳಗ್ಗೆಯಿಂದ ಕಟ್ಟೆಯ ಮೇಲೆ ಕುಳಿತು ಹೊಸ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದೇನೆ. ಬೆರಳೆಲ್ಲ ಅಂಟು. ವಾಸನೆಗೇ ಬಾಯಲ್ಲಿ ನೀರು. ಓದುತ್ತಿರುವ ನಿಮಗೂ ಬಂದಿರಬೇಕು, ಸುಳ್ಳು ಹೇಳಬೇಡಿ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆಯಲು ಕುಳಿತರೆ ಅಕ್ಷರಗಳು ನಮ್ಮ ಜಗಳೂರು ಕಡೆಯ ಕುರಿಗಳ ಹಾಗೆ ಒಂದೊಂದು ದಿಕ್ಕಿಗೆ ಹೋಗುತ್ತವೆ. ಆದರೂ ಇದನ್ನು ಹೇಳದೆ ಇರಲಾರೆ.

ನನ್ನ ಮಗಳು ಸುಧಾ ಐರ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸು. ಹೋದ ವರ್ಷ ಅವಳು ನಾಲ್ಕು ತಿಂಗಳ ಬಸುರಿಯಾಗಿದ್ದಾಗ ಫೋನಿನಲ್ಲಿ ಮುಖ ಕಂಡರೆ ಗುರುತೇ ಸಿಗಲಿಲ್ಲ. ಕೆನ್ನೆ ಒಳಗೆ ಹೋಗಿ, ಕಣ್ಣುಗಳಷ್ಟೇ ಉಳಿದಿದ್ದವು.

"ಅವ್ವಾ, ನೀರು ಕುಡಿದ್ರೂ ನಿಲ್ಲಂಗಿಲ್ಲ. ಡಾಕ್ಟ್ರು ತೂಕ ಇಳಿದೈತೆ ಅಂತ ಬೈದ್ರು. ನೀ ಕುಟ್ತಿದ್ದ ಚಿಗಳಿ ಒಂದಿದ್ದಿದ್ರೆ ಚೀಪ್ತಿದ್ದೆ ನೋಡು."

ಬಸುರಿ ಬಾಯಿಬಿಟ್ಟು ಕೇಳಿದ ಮೇಲೆ ತವರಿನವರು ಸುಮ್ಮನಿರುವುದುಂಟೆ? ಅಂದೇ ಹುಣಸೆಹಣ್ಣು, ಬೆಲ್ಲ, ಜೀರಿಗೆ, ಉಪ್ಪು, ಒಣಮೆಣಸಿನಕಾಯಿ ಒರಳಿಗೆ ಹಾಕಿ ಕುಟ್ಟಿದೆ. ಉಂಡೆ ಕಟ್ಟಿ ಕಡ್ಡಿಗೆ ಚುಚ್ಚಿದೆ. ರುಚಿ ನೋಡುವ ನೆಪದಲ್ಲಿ ನಾನು ತಿಂದದ್ದನ್ನು ಬಿಟ್ಟರೆ ಮೂವತ್ತು ಉಳಿದವು. ಡಬ್ಬಿಗೆ ತುಂಬಿ, ಯಾರಿಗೂ ಹೇಳದೆ ನಡುವೆ ಬಟ್ಟೆಯಲ್ಲಿ ಸುತ್ತಿದ ಒಂದು ಇದ್ದಿಲ ಚೂರು ಇಟ್ಟೆ. ಬಸುರಿಗೆಂದು ತಿನಿಸು ಮನೆಯಿಂದ ಹೊರಟಾಗ ದೃಷ್ಟಿ ತಾಗಬಾರದೆಂದು ನಮ್ಮತ್ತೆ ಇಡುತ್ತಿದ್ದರು, ನಾನೂ ಇಟ್ಟೆ. ಪಕ್ಕದೂರಿಗೇ ಇಡುವಾಗ ಸಮುದ್ರ ದಾಟುವುದಕ್ಕೆ ಬೇಡವೆ?

ನಾನೂ ನಮ್ಮ ಮನೆಯವರೂ ದಾವಣಗೆರೆಗೆ ಬಸ್ಸಿನಲ್ಲಿ ಹೋಗಿ ಪಾರ್ಸೆಲ್ ಮಾಡಿ ಬಂದೆವು. ಹದಿನೈದು ದಿನ ಸುಧಾ ಬಾಗಿಲು ನೋಡಿದಳು, ನಾನು ಫೋನು ನೋಡಿದೆ. ಕೊನೆಗೆ ಡಬ್ಬಿ ಬಂತು, ನಮ್ಮ ಮನೆಗೇ! ಪಾರ್ಸೆಲ್ ಅಂಗಡಿಯವನಿಗೆ ಫೋನು ಮಾಡಿದರೆ ಅವನು ತಲೆ ಚಚ್ಚಿಕೊಂಡಂತೆ ಕೂಗಿದ.

"ಅಮ್ಮಾರೇ, ಇದ್ಲು ಇಟ್ಟೀರಲ್ರೀ! ಬೆಂಕಿ ಹತ್ತೋ ಸಾಮಾನು ವಿಮಾನದಾಗೆ ಬಿಡಂಗಿಲ್ರೀ."

ನಮ್ಮ ಮನೆಯವರು ಮೀಸೆಯೊಳಗೇ ನಕ್ಕರು. "ಒಂದು ಒಲೆನೂ ಕಟ್ಟಿ ಕಳಿಸ್ಬೇಕಿತ್ತು ನೀನು!"

ನನಗೆ ನಗು ಬರಲಿಲ್ಲ. ಮಗಳು ಹದಿನೈದು ದಿನ ಉಪವಾಸದಂತೆ ಕಳೆದದ್ದು ನನ್ನ ಕೈಯಿಂದಲೇ ಅಲ್ಲವೆ? ವಾಪಸು ಬಂದದ್ದನ್ನು ಬೀದಿಯ ಮಕ್ಕಳಿಗೆ ಹಂಚಿ ಮತ್ತೆ ಕುಟ್ಟಿದೆ. ಆದರೆ ಡಬ್ಬಿ ಮುಚ್ಚುವಾಗ ಕೈ ಬರಲೊಲ್ಲದು. ಏನೂ ಇಡದೆ ಕಳಿಸಿ, ಹೊಟ್ಟೆಯಲ್ಲಿರುವ ಕೂಸಿಗೆ ಏನಾದರೂ ಆದರೆ?

ನಮ್ಮ ಮನೆಯವರು ಪಕ್ಕದಲ್ಲಿ ಬಂದು ಕುಳಿತರು. ಈ ಸಲ ನಗಲಿಲ್ಲ. "ಆಕಿ ಹೊಟ್ಟಿಗೆ ಏನು ಬೇಕು, ಚಿಗಳಿನೋ ಇದ್ಲೋ?"

ಇದ್ದಿಲು ಇಡದೆಯೇ ಮುಚ್ಚಳ ಒತ್ತಿಬಿಟ್ಟೆ. ಅಂಗಡಿಯವನು ಟೇಪು ಸುತ್ತುವವರೆಗೂ ಅದರ ಮೇಲಿಂದ ಕೈ ತೆಗೆಯಲಿಲ್ಲ.

ಎಂಟನೆಯ ದಿನ ಸಂಜೆ ಸುಧಾ ಫೋನು ಮಾಡಿ, ನಮ್ಮ ಕಣ್ಣೆದುರೇ ಡಬ್ಬಿ ಬಿಚ್ಚಿದಳು. ಒಂದು ಚಿಗಳಿ ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಇನ್ನೇನು ಎದ್ದು ಬಚ್ಚಲಿಗೆ ಓಡುತ್ತಾಳೆ ಎಂದು ಕಾದೆವು. ಓಡಲಿಲ್ಲ. ಕಡ್ಡಿ ಬರಿದಾಯಿತು.

"ಅವ್ವಾ, ಹಸಿವಾಗಾಕೆ ಹತ್ತೈತೆ. ಅನ್ನ ಹಾಕ್ಕೊಂಡು ಬರ್ತೀನಿ, ಫೋನು ಇಡಬ್ಯಾಡ."

ಮೊಸರನ್ನದ ಕೊನೆಯ ತುತ್ತಿನವರೆಗೂ ನಾವು ಸಿನಿಮಾ ನೋಡಿದ ಹಾಗೆ ನೋಡಿದೆವು. ನಮ್ಮ ಮನೆಯವರು ಕಣ್ಣಿಗೆ ಕಸ ಬಿತ್ತೆಂದು ಟವಲು ಹುಡುಕಿದರು.

ಈಗ ಆ ಹೊಟ್ಟೆಯೊಳಗಿದ್ದವಳು ಮೂರು ಹಲ್ಲಿನ ಒಡತಿ. ಮೊನ್ನೆ ಅಮ್ಮನ ಕೈಯಿಂದ ಚಿಗಳಿ ಕಿತ್ತು ನೆಕ್ಕಿಬಿಟ್ಟಳಂತೆ. ಸುಧಾ ಫೋನಿನಲ್ಲಿ ತೋರಿಸಿದಳು: ಒಂದು ಕಣ್ಣು ಮುಚ್ಚಿ, ಮೂಗು ಸುಕ್ಕುಗಟ್ಟಿ, ಮೈಯೆಲ್ಲ ಜುಮ್ಮೆಂದು ನಡುಗಿತು. ಅತ್ತಳೋ ಎಂದುಕೊಂಡರೆ, ಬಾಯಿ ಅಗಲಿಸಿ "ಆ" ಎಂದಳು, ಇನ್ನೊಮ್ಮೆ ಬೇಕೆಂದು!

ಅದಕ್ಕೇ ಇಂದು ಒಂದು ಬುಟ್ಟಿ ಹೆಚ್ಚು ಹುಣಸೆ. ಐವತ್ತು ವರ್ಷ ಚಿಗಳಿ ಕುಟ್ಟಿದ ನಾನು, ಈ ವಯಸ್ಸಿಗೆ ಖಾರ ಹಾಕದ ಚಿಗಳಿ ಮಾಡಲು ಕಲಿಯುತ್ತಿದ್ದೇನೆ.