ವೃತ್ತದೊಳಗೊಂದು ಬಿಳಿ ಚುಕ್ಕೆ

ಡ್ರಾಯಿಂಗ್ ಮೇಷ್ಟ್ರಿಗೆ ನೆರಳಿನ ಹುಚ್ಚು. ಊಟಕ್ಕೆ ಕೂತರೆ ಲೋಟದ ನೆರಳು ಎತ್ತ ಬಿದ್ದಿದೆ ಎಂದು ನೋಡುತ್ತ ಕೂರುತ್ತಾರೆ, ತಟ್ಟೆಯಲ್ಲಿದ್ದದ್ದು ಆರಿ ಹೋಗುತ್ತದೆ. ಮದುವೆಯಾದ ಹೊಸದರಲ್ಲಿ ಹೆಂಡತಿ ಹೊಸ ಸೀರೆ ಉಟ್ಟು, “ರೀ, ಹೇಗೆ ಕಾಣ್ತೀನಿ?” ಎಂದು ಕೇಳಿದ್ದಕ್ಕೆ, “ಸ್ವಲ್ಪ ಎಡಕ್ಕೆ ತಿರುಗು, ಮೂಗಿನ ಕೆಳಗೆ ನೆರಳು ಸರಿಯಾಗಿ ಬಿದ್ದಿಲ್ಲ” ಎಂದಿದ್ದರು. ಆಕೆ ತಿರುಗಿದ್ದು ಎಡಕ್ಕಲ್ಲ, ಗೋಡೆಗೆ. ಎರಡು ದಿನ ಈ ಕಡೆ ತಿರುಗಲೇ ಇಲ್ಲ.

ಮೇಷ್ಟ್ರಾಗುವ ಮೊದಲು ಅವರು ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಅಲ್ಲೂ ಇದೇ ಹಾಡು. ಔಷಧಿ ಅಂಗಡಿಯವನು ಬರೀ ಹೆಸರು ಬರೆದರೆ ಸಾಕು ಎಂದಿದ್ದ. ಇವರು ಒಂದೊಂದು ಅಕ್ಷರಕ್ಕೂ ನೆರಳು ಕೊಡುತ್ತ ವಾರವಾದರೂ ಏಣಿ ಇಳಿಯಲಿಲ್ಲ. ಕೊನೆಗೆ ಅವನೇ ಬಂದು ಏಣಿ ಅಲ್ಲಾಡಿಸಿ ಇಳಿಸಬೇಕಾಯಿತು.

ಇಂಥವರಿಗೆ ಶಾಲೆಯ ಕೆಲಸ ಸಿಕ್ಕಿದ್ದು ಶಾಲೆಯ ಪುಣ್ಯವೋ ಪಾಪವೋ ಹೇಳುವುದು ಕಷ್ಟ. ಮಕ್ಕಳಂತೂ ಅವರ ಪೀರಿಯಡ್ಡಿಗೆ ಬಾಯಿ ಬಾಯಿ ಬಿಡುತ್ತಿದ್ದವು. ವಾರಕ್ಕೆ ಎರಡು ಪೀರಿಯಡ್, ಕಾರಿಡಾರಿನ ಕೊನೆಯ ಕೋಣೆ, ಮೇಜಿನ ಮೇಲೊಂದು ಚೆಂಡು, ಕಿಟಕಿಯಿಂದ ಬರುವ ಬೆಳಕು. ಮೇಷ್ಟ್ರಿಗೆ ಅದಕ್ಕಿಂತ ಹೆಚ್ಚಿನದೇನೂ ಬೇಕಿರಲಿಲ್ಲ.

ಆ ಸುಖಕ್ಕೆ ಕಲ್ಲು ಹಾಕಿದ್ದು ರಾಜ್ಯದ ಪರೀಕ್ಷೆ. ಏಳನೇ ತರಗತಿಯ ಮಕ್ಕಳಿಗೆಲ್ಲ ಒಂದೇ ಪ್ರಶ್ನೆಪತ್ರಿಕೆ. ಉತ್ತರ ಬರೆಯುವ ಹಾಗಿಲ್ಲ. ಪ್ರತಿ ಪ್ರಶ್ನೆಯ ಮುಂದೆ ಸಾಲಾಗಿರುವ ವೃತ್ತಗಳಲ್ಲಿ ಸರಿಯಾದುದನ್ನು ಪೆನ್ಸಿಲಿನಿಂದ ಕಪ್ಪಾಗಿ ತುಂಬಬೇಕು. ತಿದ್ದುವುದು ಯಂತ್ರ. ಈ ಶಾಲೆಯ ಫಲಿತಾಂಶ ಎರಡು ವರ್ಷದಿಂದ ನೆಲ ಕಚ್ಚಿತ್ತು. ಹೆಡ್ ಮೇಡಂ ಡ್ರಾಯಿಂಗಿನ ಎರಡೂ ಪೀರಿಯಡ್ ಕಿತ್ತು ಗಣಿತಕ್ಕೆ ಕೊಟ್ಟರು. ಮೇಷ್ಟ್ರಿಗೆ ಕಾಲು ಮುರಿದ ಬೆಂಚುಗಳ ಉಸ್ತುವಾರಿ ಸಿಕ್ಕಿತು.

ಒಂದು ದಿನ ಹೆಡ್ ಮೇಡಂ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಅವರನ್ನು ಕರೆಸಿದರು.

“ಹೋದ ವರ್ಷ ನಮ್ಮ ಮಕ್ಕಳು ರೌಂಡು ತುಂಬಿದ್ದನ್ನ ನೋಡ್ಬೇಕಿತ್ತು ಮೇಷ್ಟ್ರೇ. ಗೆರೆ ದಾಟಿ ಹೋಗಿದೆ, ಅರ್ಧಂಬರ್ಧ ಗೀಚಿದ್ದಾರೆ. ಗೊತ್ತಿರೋ ಉತ್ತರಕ್ಕೂ ಮಾರ್ಕ್ಸ್ ಹೋಯ್ತು. ಪೆನ್ಸಿಲ್ ಕೆಲಸ ನಿಮ್ಮದಲ್ವಾ, ಅದೊಂದನ್ನ ಕಲಿಸಿಬಿಡಿ. ರಿಸಲ್ಟ್ ಮೇಲೆ ಬಂದ್ರೆ ನಿಮ್ಮ ಪೀರಿಯಡ್ ನಿಮಗೆ ವಾಪಸ್.”

“ಎರಡೂನಾ ಮೇಡಂ?”

“ಮೊದಲು ರಿಸಲ್ಟ್ ಬರ್ಲಿ.”

“ಬರ್ಲಿಲ್ಲ ಅಂದ್ರೆ?”

“ಡ್ರಾಯಿಂಗ್ ಅನ್ನೋದನ್ನ ಟೈಮ್ ಟೇಬಲಿಂದಲೇ ತೆಗೀತಾರೆ. ಅದು ನನ್ನ ಕೈಯಲ್ಲಿಲ್ಲ.”

ಮೇಷ್ಟ್ರು ಟೊಂಕ ಕಟ್ಟಿ ನಿಂತರು. ಪೆನ್ಸಿಲ್ ಚೂಪು ಮಾಡುವುದು ಹೇಗೆ, ಮಣಿಕಟ್ಟು ಎಲ್ಲಿ ಊರಬೇಕು, ಅಂಚಿನಿಂದ ಒಳಗೆ ಬರಬೇಕೋ ಒಳಗಿನಿಂದ ಅಂಚಿಗೋ, ಎಲ್ಲ ಕಲಿಸಿದರು. ಮಕ್ಕಳು ಒಬ್ಬರೂ ಗೆರೆ ದಾಟಲಿಲ್ಲ. ಅಲ್ಲಿಗೆ ಕೈ ತೊಳೆದುಕೊಂಡಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಬೋರ್ಡಿನ ಮೇಲೆ ತಾವೇ ತುಂಬಿದ ವೃತ್ತವನ್ನು ಹಿಂದೆ ಸರಿದು ನೋಡಿದಾಗ ಮೇಷ್ಟ್ರ ಮುಖ ಹುಳ್ಳಗಾಯಿತು. ಚಪ್ಪಟೆ. ಗೋಡೆಯಿಂದ ಮೊಳೆ ಕಿತ್ತ ತೂತಿನ ಹಾಗಿತ್ತು.

ಸರಿಯಾಗಿ ಆಗಲೇ ಪಿಟೀಲು ಕೈ ಎತ್ತಿದಳು. ಕೀರಲು ದನಿಯ ಹುಡುಗಿಯಾದ್ದರಿಂದ ಆ ಅಡ್ಡಹೆಸರು. ಚಿತ್ರ ಬರೆಯುವುದರಲ್ಲಿ ಅವಳದು ಎತ್ತಿದ ಕೈಯಲ್ಲ. ಅವಳು ಬರೆದ ಹಸುವನ್ನು ಇಡೀ ತರಗತಿ ಮಂಚವೆಂದು ತಿಳಿದಿತ್ತು.

“ಮೇಷ್ಟ್ರೇ, ಬೆಳಕು ಬೀಳೋ ಕಡೆ ಬಿಳಿ ಬಿಡ್ಬೇಕು ಅಂತ ನೀವೇ ಹೇಳಿದ್ರಲ್ವಾ?”

ಇಷ್ಟು ವರ್ಷಗಳಲ್ಲಿ ತಾವು ಹೇಳಿದ್ದನ್ನು ನೆನಪಿಟ್ಟುಕೊಂಡವರೊಬ್ಬರು ಸಿಕ್ಕಿದ್ದರು, ಅದೂ ಪಿಟೀಲು. ಮೇಷ್ಟ್ರು ಬೆಣ್ಣೆಯಂತೆ ಕರಗಿದರು.

“ಒಂದೇ ಒಂದು ಚುಕ್ಕೆ. ಬಟಾಣಿಯಷ್ಟು. ಜಾಸ್ತಿ ಬೇಡ.”

ಬಟಾಣಿಯಷ್ಟು ಎಂದದ್ದು ಬೋರ್ಡಿನ ವೃತ್ತಕ್ಕೆ. ಉತ್ತರದ ಹಾಳೆಯ ವೃತ್ತವೇ ಬಟಾಣಿಗಿಂತ ಚಿಕ್ಕದು ಎಂಬುದು ಮೇಷ್ಟ್ರ ತಲೆಗೆ ಹೊಳೆಯಲಿಲ್ಲ. ಚುಕ್ಕೆ ಬಂದ ಮೇಲೆ ಅದರ ಸುತ್ತ ತಿಳಿಗಪ್ಪು ಬರಬೇಡವೇ? ಬಂತು. ಪರೀಕ್ಷೆ ಹತ್ತಿರ ಬರುವಷ್ಟರಲ್ಲಿ ಏಳನೇ ತರಗತಿಯ ಮಕ್ಕಳು ತುಂಬಿದ ವೃತ್ತಗಳು ಹಾಳೆಯಿಂದ ಉರುಳಿ ಬೀಳುವಂತಿದ್ದವು. ಪರೀಕ್ಷೆಯ ದಿನ ಮಕ್ಕಳೆಲ್ಲ ನಗುನಗುತ್ತ ಹೊರಗೆ ಬಂದರು. ಕಾರಿಡಾರಿನಲ್ಲಿ ಕಾದಿದ್ದ ಮೇಷ್ಟ್ರು ಮನಸ್ಸಿನಲ್ಲೇ ಎರಡು ಪೀರಿಯಡ್ಡಿಗೂ ಪಾಠ ಹಾಕಿಕೊಂಡರು.

ತಾತ್ಕಾಲಿಕ ಫಲಿತಾಂಶ ಬಂತು. ಶಾಲೆ ಎಲ್ಲಕ್ಕಿಂತ ಕೆಳಗಿತ್ತು. ಹೆಚ್ಚಿನ ಪ್ರಶ್ನೆಗಳ ಮುಂದೆ ‘ಉತ್ತರಿಸಿಲ್ಲ’ ಎಂದೇ ಇತ್ತು.

ಹೆಡ್ ಮೇಡಂ ಮೇಷ್ಟ್ರನ್ನು ಕರೆದುಕೊಂಡು ಪರೀಕ್ಷಾ ಕಚೇರಿಗೆ ಹೋದರು. ಅಲ್ಲಿನ ಅಧಿಕಾರಿ ಕಿಟಕಿಗೆ ಬೆನ್ನು ಕೊಟ್ಟು ಕೂತಿದ್ದವರು, ಹಾಳೆಗಳ ಕಟ್ಟನ್ನು ಮೇಜಿನ ಮೇಲೆ ಹರಡಿದರು.

“ಇದೇನ್ರೀ ಇದು, ಉತ್ತರದ ಹಾಳೆನೋ ಗೋಲಿ ಅಂಗಡಿನೋ?”

ಮೇಷ್ಟ್ರು ಬಗ್ಗಿ ನೋಡಿದರು. ತಡೆದುಕೊಳ್ಳಬೇಕಿತ್ತು, ಆಗಲಿಲ್ಲ.

“ಎಷ್ಟು ಚೆನ್ನಾಗಿ ಬಂದಿದೆ” ಎಂದುಬಿಟ್ಟರು. ಹೆಡ್ ಮೇಡಂ ತಿರುಗಿ ನೋಡಿದ ನೋಟಕ್ಕೆ ನಾಲಿಗೆ ಕಚ್ಚಿಕೊಂಡರು.

“ಚೆನ್ನಾಗಿದೆ, ನಾನೂ ಒಪ್ತೀನಿ” ಎಂದರು ಅಧಿಕಾರಿ. “ಆದ್ರೆ ಯಂತ್ರಕ್ಕೆ ಕಪ್ಪು ಗೊತ್ತು, ಬಿಳಿ ಗೊತ್ತು. ಮಧ್ಯದ್ದು ಗೊತ್ತಿಲ್ಲ. ಒಂದು ದಾರಿ ಇದೆ. ಗುರುತು ಮಸುಕಾಗಿದ್ರೆ ನಮ್ಮೆದುರಿಗೆ ಕೂತು ಅದನ್ನೇ ಕಪ್ಪು ಮಾಡ್ಬಹುದು. ಮಕ್ಕಳು ತುಂಬಿರೋದನ್ನ ಮಾತ್ರ, ಬೇರೆ ರೌಂಡು ಮುಟ್ಟೋ ಹಾಗಿಲ್ಲ. ಮತ್ತೆ ಯಂತ್ರಕ್ಕೆ ಹಾಕ್ತೀವಿ. ಯಾರು ಮಾಡ್ತೀರಿ?”

“ಕಲಿಸಿದವರೇ ಮಾಡ್ಲಿ” ಎಂದರು ಹೆಡ್ ಮೇಡಂ.

ಪೆನ್ಸಿಲ್ ಕೈಗೆ ಬಂತು. ಮೊದಲ ಹಾಳೆಯ ಮೊದಲ ವೃತ್ತದ ಬಿಳಿ ಚುಕ್ಕೆಯನ್ನು ಮೇಷ್ಟ್ರು ಮುಚ್ಚಿದರು. ಅಳು ಬಂತು. ಅತ್ತರೆ ಹಾಳೆ ಒದ್ದೆಯಾಗಿ ಯಂತ್ರ ಅದಕ್ಕೂ ತಕರಾರು ತೆಗೆದೀತೆಂದು ನುಂಗಿಕೊಂಡರು. ಒಂದೊಂದು ಹಾಳೆಯೂ ಯಾರದೆಂದು ಹೆಸರು ನೋಡದೆ ತಿಳಿಯುತ್ತಿತ್ತು. ಕಿಟಕಿಯ ಕಡೆ ಕೂತವರದು ಎಡಕ್ಕೆ ಬೆಳಕು, ಬಾಗಿಲ ಕಡೆಯವರದು ಬಲಕ್ಕೆ. ಎಷ್ಟು ನಿಯತ್ತಿನ ಮಕ್ಕಳು! ಕಂಡದ್ದನ್ನೇ ಬರೆದಿದ್ದವು. ಆ ಮಕ್ಕಳ ಮಾರ್ಕ್ಸಿಗಾಗಿ, ತಮ್ಮ ಪೀರಿಯಡ್ಡಿಗಾಗಿ, ತಾವು ಹಚ್ಚಿದ ದೀಪಗಳನ್ನು ತಾವೇ ಆರಿಸುತ್ತ ಹೋದರು. ಬೆರಳು ಮಸಿಯಾಯಿತು. ಹೆಡ್ ಮೇಡಂ ಎರಡು ಸಲ ನೀರು ತಂದುಕೊಟ್ಟರು.

ಕೊನೆಯ ಹಾಳೆ ಪಿಟೀಲಿನದು. ಹತ್ತು ವೃತ್ತ ಮುಚ್ಚಿ ಹನ್ನೊಂದನೆಯದಕ್ಕೆ ಬಂದ ಕೈ ನಿಂತಿತು. ಬಿಳಿ ಚುಕ್ಕೆಯೊಳಗೆ ಕೂದಲೆಳೆಯಂಥ ಎರಡು ಗೆರೆ, ಒಂದು ಅಡ್ಡ, ಒಂದು ಉದ್ದ. ಮೇಷ್ಟ್ರು ಹಾಳೆಯನ್ನು ಕಣ್ಣಿಗೆ ಹತ್ತಿರ ತಂದರು. ಕಿಟಕಿ. ನುಣುಪಾದ ಗೋಲಿಯ ಮೇಲೆ ಕೋಣೆಯ ಕಿಟಕಿ ಹೊಳೆಯುತ್ತದಲ್ಲ, ಅದು. ಇದನ್ನು ಅವರು ಕಲಿಸಿರಲಿಲ್ಲ. ಹಸುವನ್ನು ಮಂಚ ಮಾಡಿದ ಹುಡುಗಿ ತಾನಾಗಿ ನೋಡಿ ಬರೆದಿದ್ದಳು.

“ಯಾಕ್ ನಿಲ್ಲಿಸಿದ್ರಿ?” ಎಂದರು ಅಧಿಕಾರಿ.

ಮೇಷ್ಟ್ರು ಮೇಜಿನ ಮೇಲಿದ್ದ ಪ್ರಶ್ನೆಪತ್ರಿಕೆ ಎಳೆದುಕೊಂಡರು. ಹನ್ನೊಂದನೇ ಪ್ರಶ್ನೆ: ಬಾವಲಿ ಯಾವ ಗುಂಪಿಗೆ ಸೇರಿದ್ದು? ಪಿಟೀಲು ತುಂಬಿದ್ದು ‘ಪಕ್ಷಿ’. ತಪ್ಪು. ಶುದ್ಧ ತಪ್ಪು. ಮೇಷ್ಟ್ರಿಗೆ ಅಷ್ಟು ಸಂತೋಷ ಬಹಳ ದಿನದಿಂದ ಆಗಿರಲಿಲ್ಲ.

“ಇದು ಹೇಗೂ ತಪ್ಪುತ್ತರ ಸಾರ್. ಹಾಗೇ ಇರ್ಲಿ.”

ಅಧಿಕಾರಿ ಹಾಳೆ ಎತ್ತಿ ಬೆಳಕಿಗೆ ಹಿಡಿದರು. ತಮ್ಮ ಬೆನ್ನ ಹಿಂದಿನ ಕಿಟಕಿಯನ್ನೊಮ್ಮೆ ತಿರುಗಿ ನೋಡಿದರು. ಆಮೇಲೆ ಉಳಿದ ವೃತ್ತಗಳನ್ನಷ್ಟೇ ಮುಚ್ಚಿಸಿ ಹಾಳೆಯನ್ನು ಕಟ್ಟಿಗೆ ಸೇರಿಸಿದರು.

ಎರಡನೇ ಫಲಿತಾಂಶದಲ್ಲಿ ಶಾಲೆ ಮೇಲೂ ಅಲ್ಲದೆ ಕೆಳಗೂ ಅಲ್ಲದೆ ನಡುಮಧ್ಯೆ ನಿಂತಿತ್ತು. ಹೆಡ್ ಮೇಡಂ ಲೆಕ್ಕಕ್ಕೆ ತಕ್ಕಂತೆ ಒಂದು ಪೀರಿಯಡ್ ವಾಪಸ್ ಕೊಟ್ಟರು, ಮೇಷ್ಟ್ರು ಇನ್ನು ಜನ್ಮದಲ್ಲಿ ಉತ್ತರದ ಹಾಳೆಯ ಹತ್ತಿರ ಸುಳಿಯಬಾರದು ಎಂಬ ಕರಾರಿನ ಮೇಲೆ. ಮನೆಯಲ್ಲಿ ಹೆಂಡತಿ, “ಸದ್ಯ, ಒಂದಾದ್ರೂ ಬಂತಲ್ಲ. ನನ್ನ ಮೂಗಿಗೆ ಸ್ವಲ್ಪ ಬಿಡುವು” ಎಂದಳು.

ಮೊದಲ ಪೀರಿಯಡ್ಡಿನಲ್ಲಿ ಮೇಷ್ಟ್ರು ಮೇಜಿನ ಮೇಲೆ ಚೆಂಡಿಟ್ಟು ಕಿಟಕಿ ತೆರೆಯುತ್ತಿರುವಾಗ ಪಿಟೀಲು ಪಕ್ಕಕ್ಕೆ ಬಂದು ನಿಂತಳು.

“ಮೇಷ್ಟ್ರೇ, ಹನ್ನೊಂದನೇದು ನಂದು ತಪ್ಪಾಯ್ತಂತೆ.”

“ಹೂಂ. ಉತ್ತರ ತಪ್ಪು” ಎಂದರು ಮೇಷ್ಟ್ರು. “ಕಿಟಕಿ ಸರಿಯಾಗಿತ್ತು.”