ಮಾರ್ಟಿನ್‌ಗೆ ನಾನು ಹೇಳಿದ ಸುಳ್ಳು

ಆ ಸುಳ್ಳು ಅಮ್ಮನದಲ್ಲ, ನನ್ನದು. ಹೇಳಿದವಳೂ ನಾನೇ, ಅದನ್ನು ಅಮ್ಮನ ತಲೆಗೆ ಕಟ್ಟಿದವಳೂ ನಾನೇ. ಇಷ್ಟು ವರ್ಷ ನನ್ನ ತಮ್ಮ ಅಮ್ಮನನ್ನು ದೂರಿದ — ನಾನು ನೋಡುತ್ತ ಸುಮ್ಮನಿದ್ದೆ.

ತಮ್ಮ ಹುಟ್ಟಿದ್ದು ಸಂತ ಮಾರ್ಟಿನ್ನರ ಹಬ್ಬದ ದಿನ, ಅದಕ್ಕೇ ಆ ಹೆಸರು. ಮೈಸೂರಿನ ಮನೆಯಲ್ಲಿ ಪ್ರತಿ ಹಬ್ಬಕ್ಕೂ ಅಮ್ಮ ಸಂತರ ಕಥೆ ಹೇಳುತ್ತಿದ್ದಳು. ಚಳಿಗೆ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟ ಸಿಪಾಯಿ ಮಾರ್ಟಿನ್. ಕನಸಿನಲ್ಲಿ ಅದೇ ಅರ್ಧ ಅಂಗಿ ಹೊದ್ದು ಬಂದ ಯೇಸು. ಆಮೇಲೆ ಸೈನ್ಯ ಬಿಟ್ಟು ಊರಾಚೆ ಪ್ರಾರ್ಥನೆಯಲ್ಲಿದ್ದವನನ್ನು ತಮ್ಮ ಬಿಷಪ್ ಆಗು ಎಂದು ಪಟ್ಟಣದವರು ಹಟ ಹಿಡಿದರು. ಅವನು ಒಲ್ಲೆನೆಂದ. ಅಡಗಿ ಕೂತಾಗ ಹೆಬ್ಬಾತುಗಳು ಕಿರುಚಿ ಹಿಡಿದುಕೊಟ್ಟವು ಅನ್ನುತ್ತಾರೆ — ನಾವು ನಗುತ್ತಿದ್ದೆವು. ಇನ್ನೊಂದು ಕಥೆಯೂ ಇದೆ. ಒಬ್ಬ ಅವನ ಮುಂದೆ ಮೊಣಕಾಲೂರಿ, ‘ಹೆಂಡತಿಗೆ ಕಾಯಿಲೆ, ಬಂದು ಪ್ರಾರ್ಥಿಸಿ’ ಎಂದನಂತೆ. ಕರುಣೆಯಿಂದ ಹೊರಟವನನ್ನು ದಾರಿಯಲ್ಲಿ ಕಾದಿದ್ದ ಜನ ಮುತ್ತಿ, ಎಳೆದೊಯ್ದು ಬಿಷಪ್ ಪಟ್ಟಕ್ಕೇರಿಸಿದರು. ಕಾಯಿಲೆ ಸುಳ್ಳು.

ಆ ಸುಳ್ಳು ತಪ್ಪೆಂದು ನನಗೆಂದೂ ಅನ್ನಿಸಿರಲಿಲ್ಲ. ಅದರಿಂದ ಒಬ್ಬ ಸಂತ ಸಿಕ್ಕನಲ್ಲವೇ!

ನಮ್ಮ ಮಾರ್ಟಿನ್ ಗುರುಮಠ ಸೇರಿ, ಪಾದ್ರಿಯಾಗುವ ಮೊದಲೇ ಬಿಟ್ಟವನು. ನೆಂಟರ ಮಾತು ತಾಳಲಾರದೆ ಅಮೆರಿಕಕ್ಕೆ ಬಂದ. ನಾನು ಯೂನಿಯನ್ ಸಿಟಿಯಲ್ಲಿದ್ದರೂ ಅವನು ಒಂದು ಗಂಟೆ ದಾರಿಯ ಗಿಲ್‌ರಾಯ್‌ನಲ್ಲೇ ಉಳಿದ. ಬೆಳ್ಳುಳ್ಳಿ ಹೊಲಗಳಲ್ಲಿ ದುಡಿದು ಮುದುಕರಾಗಿದ್ದ ಮ್ಯಾನ್ಯುಯೆಲ್ ಎಂಬವರ ಮನೆಯಲ್ಲಿದ್ದು ಅವರ ಆರೈಕೆ ಮಾಡುತ್ತಿದ್ದ. ಅವರಿಗೆ ಬೇರೆ ಯಾರೂ ಇರಲಿಲ್ಲ.

ಚರ್ಚಿನಲ್ಲಿ ನನ್ನ ಮಗಳ ದೃಢೀಕರಣ ಸಂಸ್ಕಾರಕ್ಕೆ ಅಮ್ಮ ಮೈಸೂರಿನಿಂದ ಬಂದಿದ್ದಳು. ಚರ್ಚಿನ ಬಲಿಪೂಜೆ ಮುಗಿಸಿ ಊಟಕ್ಕೆ ಬಂದ ನೆಂಟರೆಲ್ಲ ತಮ್ಮ ಎಲ್ಲಿ ಎಂದು ಕೇಳತೊಡಗಿದರು. ಫೋನ್ ಮಾಡಿದೆ.

“ಅಕ್ಕಾ, ಇವರದು ಇವತ್ತೋ ನಾಳೆಯೋ ಅನ್ನೋ ಹಾಗಿದೆ. ಒಬ್ಬನ್ನೇ ಬಿಡಬೇಡ ಅಂತ ಕೈ ಹಿಡ್ಕೊಂಡಿದಾರೆ. ಬರಕ್ಕಾಗಲ್ಲ.”

ಅವನು ಬರುವುದಿಲ್ಲವಂತೆ ಎಂದಾಗ ನೆಂಟರಲ್ಲಿ ಯಾರೋ ಮುಸಿಮುಸಿ ನಕ್ಕರು. ಮನೆಯ ಮಾನ ಹೋಗುತ್ತಿದೆ ಅನ್ನಿಸಿ — ಅಲ್ಲ, ನನ್ನ ಮಾನ — ಒಳಕೋಣೆಗೆ ಹೋಗಿ ಮತ್ತೆ ಫೋನ್ ಮಾಡಿದೆ. “ಅಮ್ಮ ಬಿದ್ದುಬಿಟ್ಟಿದಾಳೆ. ಉಸಿರಾಡೋಕೆ ಆಗ್ತಿಲ್ಲ. ಬೇಗ ಬಾ.”

ಕೆಲಸಕ್ಕೆ ಹೋಗಿದ್ದ ಪಕ್ಕದ ಮನೆಯವಳಿಗೆ ಫೋನಿನಲ್ಲಿ ಬರಹೇಳಿ ಅವನು ಹೊರಟ. ಬಂದಾಗ ಅಮ್ಮ ರೇಷ್ಮೆ ಸೀರೆಯುಟ್ಟು ಬಡಿಸುತ್ತಿದ್ದಳು. ಅವನು ಬಾಗಿಲಲ್ಲೇ ನಿಂತ. ಅಷ್ಟರಲ್ಲಿ ಅವನ ಫೋನು. ಪಕ್ಕದ ಮನೆಯವಳು ತಲುಪುವಷ್ಟರಲ್ಲಿ ಮ್ಯಾನ್ಯುಯೆಲ್ ಹೋಗಿಬಿಟ್ಟಿದ್ದರು. ಒಬ್ಬರೇ.

“ಹೀಗೆ ಹೇಳು ಅಂದವರು ಯಾರು?”

“ಅಮ್ಮ” ಎಂದೆ. ಬಾಯಿಂದ ಬಂದುಬಿಟ್ಟಿತು — ಇಲ್ಲ, ನಾನೇ ಹೇಳಿದೆ.

ಅಮ್ಮನ ಕೈಯ ಸೌಟು ನಿಂತಿತು. ನನ್ನನ್ನು ನೋಡಿದಳು. ಆಮೇಲೆ ಅವನ ಕಡೆ ತಿರುಗಿ, “ಹೌದು ಕಂದ, ನಾನೇ. ನಿನ್ನ ನೋಡ್ಬೇಕು ಅನ್ನಿಸ್ತು” ಅಂದಳು.

ಅವನು ಮತ್ತೆ ಅವಳೊಂದಿಗೆ ಮಾತಾಡಲಿಲ್ಲ. ವಿಮಾನ ಹತ್ತುವ ದಿನ ಅಮ್ಮ ನನಗೆ ಹೇಳಿದ್ದು ಇಷ್ಟೇ: “ನಾನು ದೂರ ಇರೋಳು. ಇಲ್ಲಿ ಅವನಿಗೆ ನೀನೊಬ್ಬಳಾದ್ರೂ ಉಳೀಬೇಕು.” ಮೈಸೂರಿನಿಂದ ಅವನಿಗೆ ಫೋನ್ ಮಾಡುತ್ತಲೇ ಇದ್ದಳು, ಅವನು ಎತ್ತುತ್ತಿರಲಿಲ್ಲ. ಅವಳು ತೀರಿಕೊಂಡಾಗಲೂ ಹೋಗಲಿಲ್ಲ. ಆಗಲೂ ನಾನು —

ಈ ವರ್ಷ ಚರ್ಚಿನ ಭಾನುವಾರದ ತರಗತಿಯಲ್ಲಿ ಮಕ್ಕಳಿಗೆ ಸಂತ ಮಾರ್ಟಿನ್ನರ ಕಥೆ ಹೇಳುತ್ತಿದ್ದೆ. ಒಬ್ಬ ಹುಡುಗಿ ಕೇಳಿದಳು: “ಆಂಟಿ, ಡಿಡ್ ದೇ ಎವರ್ ಸೇ ಸಾರಿ?” ಸುಳ್ಳು ಹೇಳಿದವರು ಕ್ಷಮೆ ಕೇಳಿದ್ದು ಅಮ್ಮ ಹೇಳಿದ ಯಾವ ಕಥೆಯಲ್ಲೂ ಇರಲಿಲ್ಲ.

ಹೋದ ವಾರ ಗಿಲ್‌ರಾಯ್‌ಗೆ ಹೋಗಿ ಎಲ್ಲ ಹೇಳಿದೆ. ಮಾರ್ಟಿನ್, “ಅಮ್ಮನ ಫೋನು ನಾನು ಎತ್ತಲೇ ಇಲ್ಲ” ಅಂದ. ಕ್ಷಮಿಸು ಅನ್ನದೆಯೇ ನಾನು ಎದ್ದು ಬಂದೆ.

ಅಂದು ಊಟಕ್ಕೆ ಕೂತಿದ್ದ ನೆಂಟರು ಇಂದಿಗೂ ಅಮ್ಮನೇ ಸುಳ್ಳು ಹೇಳಿದಳೆಂದು ನಂಬಿದ್ದಾರೆ. ಒಬ್ಬೊಬ್ಬರ ಮನೆಗೂ ಹೋಗಿ ಹೇಳಬೇಕು. ಇವತ್ತು ಮೊದಲ ಮನೆಗೆ ಹೊರಟಿದ್ದೇನೆ.