ಲೆಕ್ಕಕ್ಕೆ ಹಿಡಿದ ಮೇಷ್ಟ್ರು

ಪಿ.ಟಿ. ಮೇಷ್ಟ್ರ ಕುತ್ತಿಗೆ ಬಿಸಿಲಲ್ಲಿ ಬೆಂದು ರೊಟ್ಟಿ ಹಂಚಿನ ಬಣ್ಣಕ್ಕೆ ತಿರುಗಿತ್ತು. ವಿಷಲ್ಲಿನ ದಾರ ಕೂರುತ್ತಿದ್ದ ಕಡೆ ಮಾತ್ರ ಸುತ್ತಲೂ ಒಂದು ಬಿಳಿ ಗೆರೆ. ಅದರ ಕೆಳಗೆ ಬೆವರಿಗಂಟಿದ ಅಂಗಿ, ಅಂಗಿಯ ಮೇಲೆಲ್ಲ ಬೂದಿ. ನಮ್ಮೂರಿನವರು ಬೆನ್ನ ಹಿಂದೆ ಅವರನ್ನು ಬೂದಿ ಮೇಷ್ಟ್ರು ಅಂತಲೇ ಕರೆಯುತ್ತಿದ್ದುದು. ಖೋಖೋ ಆಟಕ್ಕೆ ಗೆರೆ ಎಳೆಯಲು ಶಾಲೆಯಲ್ಲಿ ಸುಣ್ಣ ಇರುತ್ತಿರಲಿಲ್ಲ. ಶನಿವಾರ ಶಾಲೆ ಬಿಟ್ಟ ಮೇಲೆ ಹಳೇ ಬಕೆಟ್ಟೊಂದನ್ನು ಹಿಡಿದು ಮನೆಮನೆಗೆ ಬಂದು ಹಂಡೆ ಒಲೆಯ ಬೂದಿ ಕೇಳುತ್ತಿದ್ದರು. ಕೊಟ್ಟವರ ಜಗಲಿ ಮೇಲೆ ಉಸ್ಸಂತ ಕೂತು, “ಸಾಕಾಗೋಯ್ತು ಕಣಮ್ಮ” ಅನ್ನುವರು. ಯಾವಾಗಲೂ ಅದೇ ಮಾತು. ಸಾಕಾಗಿ ಹೋಗಿದ್ದ ಮನುಷ್ಯ ಸೋಮವಾರ ಎಲ್ಲರಿಗಿಂತ ಮುಂಚೆ ಮೈದಾನದಲ್ಲಿರುತ್ತಿದ್ದರು.

ನಮ್ಮದು ದುದ್ದದ ಪಕ್ಕದ ಹಳ್ಳಿ. ಅಲ್ಲಿ ನಾನು ಅಂಗನವಾಡಿ ನಡೆಸುತ್ತೇನೆ. ನನ್ನ ಮಗನಿಗೆ ಹುಟ್ಟಿನಿಂದಲೇ ಬಲಗಡೆಯ ಕೈಕಾಲಿಗೆ ಸ್ವಾಧೀನ ಕಮ್ಮಿ. ಹಾಸನದ ಬಸ್ಸು, ಆಸ್ಪತ್ರೆಯ ಬೆಂಚು, ಕಾಲು ನೀವುವ ಎಣ್ಣೆ, ಹೊತ್ತ ಹರಕೆ, ಇಷ್ಟರಲ್ಲೇ ನನ್ನ ವಯಸ್ಸು ಕರಗಿತು. ಬಸ್ಸಿನಲ್ಲಿ ಪಕ್ಕ ಕೂತವರೆಲ್ಲ “ಅಯ್ಯೋ ಪಾಪ, ಏನಾಯ್ತಮ್ಮ?” ಅಂತ ಕೇಳೋರು. ಹೇಳಿ ಹೇಳಿ ನಾಲಿಗೆಯೂ ದಣಿದು, ಆಮೇಲಾಮೇಲೆ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದೆ.

ಮೇಷ್ಟ್ರು ಮೊದಲ ಸಲ ನಮ್ಮ ಮನೆಗೆ ಬೂದಿಗೆ ಬಂದಾಗ ಮಗ ಜಗಲಿ ಕಂಬಕ್ಕೆ ಒರಗಿ ಕೂತಿದ್ದ. ಆಗಷ್ಟೇ ಹೈಸ್ಕೂಲಿಗೆ ಸೇರಿದ್ದ.

“ಇವ್ನು ಯಾಕಮ್ಮ ಆಟಕ್ಕೆ ಬರಲ್ಲ?”

“ಬತ್ತಾನೆ ಸಾ. ಹುಡುಗರು ಸೇರಿಸ್ಕೋತಾರೆ. ಆಟಕ್ಕುಂಟು, ಲೆಕ್ಕಕ್ಕಿಲ್ಲ.”

ನಮ್ಮ ಕಡೆ ಎಲ್ಲ ಬೀದಿಯಲ್ಲೂ ಇದ್ದದ್ದೇ. ಚಿಕ್ಕವರನ್ನು, ಕೈಲಾಗದವರನ್ನು ಆಟಕ್ಕೆ ಬಿಟ್ಟುಕೊಳ್ಳುವುದು. ಅವರು ಸಿಕ್ಕಿಬಿದ್ದರೂ ಔಟಲ್ಲ, ಗೆದ್ದರೂ ಗೆಲುವಲ್ಲ. ಅದನ್ನು ಒಳ್ಳೆಯ ಪದ್ಧತಿ ಅಂತಲೇ ನಾನೂ ತಿಳಿದಿದ್ದೆ. ಮೇಷ್ಟ್ರು ಬಕೆಟ್ ಕೆಳಗಿಟ್ಟರು.

“ಅಂಗಾದ್ರೆ ಆಟಕ್ಕೂ ಇಲ್ಲ ಅಂತ್ಲೇ ಕಣಮ್ಮ ಅರ್ಥ. ಲೇ, ಸೋಮವಾರ ಬಾರ್ಲಾ. ನಾನು ಲೆಕ್ಕಕ್ಕೆ ಇಡ್ಕತೀನಿ.”

ಆ ಸೋಮವಾರ ಮಗ ಮೊಣಕಾಲು ತರಚಿಕೊಂಡು ಬಂದ. ಓಡಲು ಹೋಗಿ ಬಿದ್ದವನು ಏಳುವ ಮೊದಲೇ ಮೇಷ್ಟ್ರು ಔಟ್ ಕೊಟ್ಟರಂತೆ. ನನಗೆ ಬೆಂಕಿ ಹತ್ತಿತು. ಕೈಯಲ್ಲಿದ್ದ ಕೆಲಸ ಬಿಟ್ಟು ಶಾಲೆಗೆ ಹೋದೆ. “ಏನ್ ಸಾ, ನಿಮಗೆ ಕರುಳಿಲ್ವಾ?” ಅಂದೆ. ಅವರು ಕಲ್ಲಿನ ಮೇಲೆ ಕೂತು ಶೂ ಕಳಚಿ ಹಿಮ್ಮಡಿ ಒತ್ತಿಕೊಳ್ಳುತ್ತಿದ್ದರು. “ಔಟಾದ, ಔಟ್ ಅಂದೆ. ಅದ್ರಲ್ಲೇನಮ್ಮ?” ಅಂದರು. ಆಮೇಲೆ ಮುಖವೆತ್ತಿ, “ನಿನ್ ಮಗನ್ನ ಕೇಳು, ನಾಳೆ ಬತ್ತಾನೋ ಇಲ್ವೋ” ಅಂದರು. ಕೇಳುವ ಅಗತ್ಯವೇ ಬೀಳಲಿಲ್ಲ. ಬೆಳಗ್ಗೆ ನಾನು ಏಳುವ ಹೊತ್ತಿಗೆ ಅವನು ಚಡ್ಡಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.

ಎರಡು ವರ್ಷ ಹೀಗೇ ನಡೆಯಿತು. ಅವನಿಗೆ ಕುಕ್ಕರಗಾಲಲ್ಲಿ ಕೂರಲು ಬಾರದು, ಮಂಡಿಯೂರಿ ಕೂರಿಸಿದರು. ಬಲಕ್ಕೆ ತಿರುಗಲು ಆಗದು. ಎಡಕ್ಕೇ ತಿರುಗಿ ಕಂಬ ಹಿಡಿಯುವುದನ್ನು ಕಲಿಸಿದರು. ಬೈಗುಳಕ್ಕೇನೂ ಕಮ್ಮಿ ಇರಲಿಲ್ಲ. “ಲೇ ಸೋಂಬೇರಿ, ಕಾಲು ನಿಧಾನ ಅಂತ ತಲೆಯೂ ನಿಧಾನವೇನ್ಲಾ?” ನನಗೆ ಹೊಟ್ಟೆ ಉರಿಯುತ್ತಿತ್ತು, ಅವನು ಮಾತ್ರ ಆ ಬೈಗುಳವನ್ನು ಮನೆಯಲ್ಲಿ ನಟಿಸಿ ತೋರಿಸಿ ನಗುತ್ತಿದ್ದ.

ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ತಂಡದಲ್ಲಿ ಅವನನ್ನೂ ಹಾಕಿದಾಗ ಶಾಲೆಯ ಬೇರೆ ಮೇಷ್ಟ್ರುಗಳು ಬೇಡ ಅಂದರು. ಇವರು ಕೇಳಲಿಲ್ಲ. ದುದ್ದದ ಮೈದಾನಕ್ಕೆ ನಾನೂ ಹೋಗಿದ್ದೆ. ನಮ್ಮ ಹುಡುಗರು ಓಡುವ ಸರದಿ. ಮಗ ಅಂಕಣಕ್ಕಿಳಿದಾಗ ಎದುರು ಶಾಲೆಯ ಮೇಷ್ಟ್ರು, ಪುಣ್ಯಾತ್ಮರು, ತಮ್ಮ ಹುಡುಗರಿಗೆ ಹೇಳಿದರು: “ಪಾಪ, ಆ ಹುಡುಗನ್ನ ಮುಟ್ಬೇಡ್ರೋ. ಅವ್ನು ಲೆಕ್ಕಕ್ಕಿಲ್ಲ.” ಅಂಪೈರೂ ತಲೆಯಾಡಿಸಿದರು. ನೋಡುತ್ತಿದ್ದ ಜನ ಚಪ್ಪಾಳೆ ತಟ್ಟಿದರು. ಅಟ್ಟಿಸಿಕೊಂಡು ಬಂದ ಹುಡುಗರು ನನ್ನ ಮಗನ ಪಕ್ಕದಲ್ಲೇ ಹಾದು ಬೇರೆಯವರ ಹಿಂದೆ ಓಡಿದರು. ಅವನು ಕಂಬ ಹಿಡಿದು ಒಬ್ಬನೇ ನಿಂತಿದ್ದ. ಅವನ ಮುಖ ಬಾಡಿದ್ದು ನನಗೆ ಕಂಡಿತು.

ನಮ್ಮ ಮೇಷ್ಟ್ರಿಗೂ ಕಂಡಿರಬೇಕು. ಗೆರೆ ದಾಟಿ ಒಳಗೆ ನುಗ್ಗಿದರು. “ಮುಟ್ರೋ ಅವನ್ನ! ಎರಡು ವರ್ಷ ಓಡಿಸಿದ್ದೀನಿ ಕಣ್ರೋ, ಮುಟ್ರೋ!” ತನ್ನ ಹುಡುಗನನ್ನೇ ಔಟ್ ಮಾಡಿ ಅಂತ ಗಂಟಲು ಹರಿದುಕೊಳ್ಳುವ ಮೇಷ್ಟ್ರನ್ನು ಎಲ್ಲಾದರೂ ಕಂಡಿದ್ದೀರಾ? ಅಂಪೈರ್ ಬೈದು ಅವರನ್ನು ಹೊರಗೆ ಕಳಿಸಿದರು, ಆದರೆ ಆಟ ಬದಲಾಯಿತು. ಉದ್ದನೆಯ ಹುಡುಗನೊಬ್ಬ ಅವನನ್ನು ಅಟ್ಟಿಕೊಂಡು ಬಂದ. ನನ್ನ ಮಗ ಎಡಕ್ಕೆ ತಿರುಗಿ ತಪ್ಪಿಸಿಕೊಂಡ, ಮತ್ತೊಂದು ಸಲ ತಪ್ಪಿಸಿಕೊಂಡ, ಆಮೇಲೆ ಸಿಕ್ಕಿಬಿದ್ದ. ಅಂಪೈರ್ ವಿಷಲ್ ಊದಿದರು. ಆ ಒಂದು ಪಾಯಿಂಟಿನಲ್ಲೇ ನಮ್ಮ ಶಾಲೆ ಸೋತಿತು.

ಮಿಕ್ಕ ಹುಡುಗರು ದಾರಿಯುದ್ದಕ್ಕೂ ಅವನನ್ನು ಬೈದರು. “ನಿನ್ನಿಂದ ಸೋತ್ವಿ ಕಣ್ಲಾ.” ಮನೆಗೆ ಬಂದವನು ತಟ್ಟೆ ಮುಂದೆ ಕೂತು ಗಳಗಳ ಅತ್ತ. ನಾನು ಸಮಾಧಾನ ಹೇಳಲು ಹೋದರೆ ಮೂಗೊರೆಸಿಕೊಂಡು, “ಅವ್ವ, ನನ್ನಿಂದ ಸೋತ್ರಂತೆ ಕಣವ್ವ” ಅಂದ. ಅಳುತ್ತಲೇ ಇದ್ದ, ಆದರೆ ಆ ಮಾತಿನಲ್ಲಿ ಎಂಥದೋ ಜಂಬವಿತ್ತು. ಅವನಿಂದ ಏನಾದರೂ ಆಯಿತು ಅಂತ ಅಲ್ಲಿವರೆಗೆ ಯಾರೂ ಅಂದಿರಲಿಲ್ಲ.

ಮೇಷ್ಟ್ರು ನಿವೃತ್ತರಾಗಿ ತಮ್ಮೂರು ಹಳ್ಳಿಮೈಸೂರಿಗೆ ಹೋದರು. ಸಕ್ಕರೆ ಕಾಯಿಲೆ ಹೆಚ್ಚಿ ಕಾಲಿನ ಬೆರಳು ತೆಗೆದರಂತೆ. ಈಗ ಹಾಸನದ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ಮಗ ನೋಡಿಬರಲು ಹೋದಾಗ, “ನಾನೂ ನಿನ್ ಟೀಮೇ ಕಣ್ಲಾ ಈಗ. ಸಾಕಾಗೋಯ್ತು” ಅಂದರಂತೆ. ಈ ಸಲ ನಿಜವಾಗಿಯೂ ಸಾಕಾಗಿತ್ತು.

ಮೇಷ್ಟ್ರು ತೀರಿಹೋದ ಸುದ್ದಿ ಬಂದ ದಿನ ಹಾಸನದಲ್ಲಿ ಇಳಿದು, ಹೊಳೆನರಸೀಪುರದಲ್ಲಿ ಇನ್ನೊಂದು ಬಸ್ಸು ಹತ್ತಿ ತಾಯಿ ಮಗ ಹೋದೆವು. ಅಂಗಳದಲ್ಲಿ ಮಲಗಿಸಿದ್ದರು. ಕುತ್ತಿಗೆಯ ಬಿಳಿ ಗೆರೆ ಹಾರದ ಸಂದಿಯಲ್ಲಿ ಇನ್ನೂ ಕಾಣುತ್ತಿತ್ತು. ಚಟ್ಟ ಎತ್ತುವಾಗ ಮಗ ಮುಂದೆ ಹೋದ. ಹಿರಿಯರೊಬ್ಬರು ತಡೆದು, “ನೀನು ಸುಮ್ಕೆ ಕೈ ಮುಟ್ಸಪ್ಪ, ಸಾಕು. ಓಗಿ ನೆರಳಲ್ಲಿ ಕೂತ್ಕೋ” ಅಂದರು, ಒಳ್ಳೆ ಮನಸ್ಸಿನಿಂದಲೇ.

“ಇಲ್ಲ, ನನ್ನೂ ಲೆಕ್ಕಕ್ಕೆ ಇಡ್ಕಳಿ” ಅಂದ ಮಗ, ಎಡ ಹೆಗಲು ಕೊಟ್ಟ.

ನಾವು ಹೆಂಗಸರು ಬೀದಿ ತುದಿಯಲ್ಲಿ ನಿಂತೆವು. ಅವನ ಒಂದೊಂದು ಹೆಜ್ಜೆಗೂ ಚಟ್ಟ ಒಂದು ಕಡೆಗೆ ವಾಲುತ್ತಿತ್ತು. ಹಿಂದೆ ಹೊತ್ತಿದ್ದವನೊಬ್ಬ ರೇಗಿ ಕೂಗಿದ, “ಲೇ, ಅಲ್ಲಾಡ್ತದೆ ಕಣ್ಲಾ! ಸರಿಯಾಗಿ ಇಡ್ಕೊಳ್ಲಾ!”

ಯಾರೂ ಪಾಪ ಅನ್ನಲಿಲ್ಲ. ಮಗ ಹೆಗಲು ಸರಿಮಾಡಿಕೊಂಡು ನಡೆದ.